ಮೊದಲ ಟೈಮ್ ಟ್ರಯಲ್‌ಗೆ ಯಾವ ಸೈಕಲ್, ಎಷ್ಟು ಖರ್ಚು?

ಮೊದಲ ಸಲ ಟೈಮ್ ಟ್ರಯಲ್‌ಗೆ, ಅಂದರೆ ಒಬ್ಬೊಬ್ಬರೇ ಸಮಯದ ಎದುರು ತುಳಿಯುವ ಸೈಕಲ್ ರೇಸಿಗೆ, ಹೆಸರು ಕೊಟ್ಟವರ ಗೊಂದಲ ಹೆಚ್ಚುಕಡಿಮೆ ಒಂದೇ ಬಗೆಯದು. ಮನೆಯಲ್ಲಿರುವ ನೇರ ಹ್ಯಾಂಡಲ್ಲಿನ ಹೈಬ್ರಿಡ್ ಸೈಕಲ್ಲನ್ನೇ ಒಯ್ಯುವುದೋ, ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕ್ ಕೊಳ್ಳುವುದೋ, ಇರುವ ರೋಡ್ ಬೈಕಿಗೆ ಏರೋ ಬಾರ್ (ಮೊಣಕೈ ಊರಿ, ಮುಂದಕ್ಕೆ ಬಾಗಿ ಹಿಡಿಯುವ ಉದ್ದನೆಯ ಹಿಡಿ) ಹಾಕಿಸುವುದೋ, ಅಥವಾ ಹೇಗೂ ಖರ್ಚು ಮಾಡುವುದೇ ಆದರೆ ಟೈಮ್ ಟ್ರಯಲ್‌ಗೆಂದೇ ಮಾಡಿದ ಟಿಟಿ ಬೈಕನ್ನೇ ತಂದುಬಿಡುವುದೋ? ಅಂಗಡಿಯಲ್ಲಿ ವಿಚಾರಿಸಿದರೆ ಒಂದು ಉತ್ತರ, ಭಾನುವಾರ ಬೆಳಿಗ್ಗೆ ಜತೆಗೆ ಸೈಕಲ್ ತುಳಿಯುವವರನ್ನು ವಿಚಾರಿಸಿದರೆ ಹತ್ತು ಉತ್ತರ ಸಿಗುತ್ತವೆ. ಯಾವುದೂ ಪೂರ್ತಿ ತಪ್ಪಲ್ಲ, ಏಕೆಂದರೆ ಪ್ರತಿಯೊಬ್ಬರೂ ತಮ್ಮ ಅಗತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳುತ್ತಾರೆ. ಆದ್ದರಿಂದ ಸೈಕಲ್ಲುಗಳ ಮಾತಿಗೆ ಹೋಗುವ ಮೊದಲು ಅವನ್ನು ಯಾವ ಮಾನದಂಡದಿಂದ ಅಳೆಯಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಟೈಮ್ ಟ್ರಯಲ್‌ನಲ್ಲಿ ಸವಾರರನ್ನು ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಬ್ಬರಂತೆ ಬಿಡುತ್ತಾರೆ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿಯ ಮರೆಯಲ್ಲಿ ಸಾಗುವಂತಿಲ್ಲ. ಹಿಂದಿನಿಂದ ಬಂದವರು ನಿಮ್ಮನ್ನು ದಾಟಿದರೆ ಅಂತರ ಬಿಟ್ಟು ಹಿಂದೆ ಸರಿಯಬೇಕು. ಗುಂಪಿನ ರೇಸಿನಲ್ಲಿ ಬುದ್ಧಿವಂತಿಕೆಯಿಂದ ಅಡಗಿಕೊಳ್ಳುವ ಅವಕಾಶ ಇಲ್ಲಿಲ್ಲದ ಕಾರಣ ಇಡೀ ದಾರಿಯುದ್ದಕ್ಕೂ ಗಾಳಿಯನ್ನು ಸೀಳುವ ಕೆಲಸ ನಿಮ್ಮೊಬ್ಬರದೇ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 35 ಕಿ.ಮೀ. ವೇಗದಲ್ಲಿ ಸಾಗುವಾಗ ನಿಮ್ಮ ಶಕ್ತಿಯ ಮುಕ್ಕಾಲು ಪಾಲಿಗೂ ಮಿಕ್ಕಿದ್ದು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಗಾಳಿಗೆ ತೆರಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗವನ್ನು ಶೇ. 10ರಷ್ಟು ಹೆಚ್ಚಿಸಬೇಕಾದರೆ ಆ ಪಾಲಿಗೆ ಶೇ. 33ರಷ್ಟು ಹೆಚ್ಚು ಶಕ್ತಿ ಬೇಕು. ಗಾಳಿಗೆ ಅಡ್ಡವಾಗಿ ನಿಲ್ಲುವುದರಲ್ಲಿ ಸೈಕಲ್ಲಿನ ಪಾಲು ಚಿಕ್ಕದು, ಸವಾರನ ದೇಹದ್ದೇ ದೊಡ್ಡದು. ಮುಂದೆ ಹೇಳುವುದಕ್ಕೆಲ್ಲ ಇದೇ ತಳಹದಿ.

ಅಳತೆಗೋಲುಗಳು

ಮೊದಲನೆಯದು ಉಳಿಯುವ ಸಮಯ, ಅಂದರೆ ಅದೇ ಶ್ರಮಕ್ಕೆ ಎಷ್ಟು ಸೆಕೆಂಡು ಕಡಿಮೆಯಾಗುತ್ತದೆ ಎಂಬುದು. ಎರಡನೆಯದು ಅದಕ್ಕೆ ತೆರಬೇಕಾದ ಹಣ. ಮೂರನೆಯದು, ಹೊಸಬರು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು, ಹೊಸ ಭಂಗಿಗೆ ಮೈ ಒಗ್ಗಲು ಬೇಕಾದ ವಾರಗಳು. ನಾಲ್ಕನೆಯದು ನಮ್ಮ ರಸ್ತೆಗಳ ಮೇಲೆ ಸೈಕಲ್ ಎಷ್ಟು ಹಿಡಿತದಲ್ಲಿರುತ್ತದೆ ಎಂಬುದು. ಬಣ್ಣ ಬಳಿಯದ ಹಂಪು, ರಸ್ತೆಯಂಚಿನ ಮರಳು, ಏಕಾಏಕಿ ಅಡ್ಡ ಬರುವ ನಾಯಿ ಇವು ಯೂರೋಪಿನ ಕೈಪಿಡಿಗಳಲ್ಲಿ ಇರುವುದಿಲ್ಲ. ಕೊನೆಯದು, ರೇಸ್ ಮುಗಿದ ಮೇಲೆ ಆ ವಸ್ತು ಮತ್ತೆ ಯಾವ ಉಪಯೋಗಕ್ಕೆ ಬರುತ್ತದೆ ಎಂಬುದು.

ಇವೆಲ್ಲಕ್ಕೂ ಮುಂಚೆ ಆಯೋಜಕರ ನಿಯಮಪತ್ರವನ್ನು ಓದಬೇಕು. ಕೆಲವು ಕಡೆ ಹೈಬ್ರಿಡ್ ಮತ್ತು ಎಂಟಿಬಿಗಳಿಗೆ (ಮೌಂಟನ್ ಬೈಕ್) ಪ್ರತ್ಯೇಕ ವಿಭಾಗ ಇರುತ್ತದೆ. ಕೆಲವು ಕಡೆ ಏರೋ ಬಾರ್ ಇಲ್ಲದ ಸಾಮಾನ್ಯ ರೋಡ್ ಬೈಕ್‌ಗಳಿಗೇ ಒಂದು ವಿಭಾಗ ಇಡುತ್ತಾರೆ. ಹೊರದೇಶಗಳಲ್ಲಿ ಅದನ್ನು 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಸಾಮಾನ್ಯ ಹ್ಯಾಂಡಲ್ ಹಿಡಿದೇ ಒಂದು ಗಂಟೆಯಲ್ಲಿ 49.431 ಕಿ.ಮೀ. ಕ್ರಮಿಸಿದ ಬೆಲ್ಜಿಯಂನ ಸೈಕಲ್ ಪಟು ಎಡ್ಡಿ ಮರ್ಕ್ಸ್ ಅವರ ಹೆಸರಿನಿಂದ ಕರೆಯುವ ರೂಢಿಯಿದೆ. ಅಂಥ ವಿಭಾಗ ಇದೆಯೆಂದಾದರೆ ನಿಮ್ಮ ಅರ್ಧ ಪ್ರಶ್ನೆ ಅಲ್ಲಿಗೇ ತೀರಿತು.

ಒಂದು ಲೆಕ್ಕ

ಸವಾರ, ಸೈಕಲ್ ಎರಡೂ ಸೇರಿ 80 ಕಿಲೋ ತೂಕ, ಸಮತಟ್ಟಾದ 20 ಕಿ.ಮೀ. ದಾರಿ, ಗಾಳಿ ಬೀಸದ ಮುಂಜಾನೆ, ಬೆಂಗಳೂರಿನಷ್ಟು ಎತ್ತರ, ಚಕ್ರಕ್ಕೆ ಒಂದೇ ಸಮನೆ 200 ವ್ಯಾಟ್ ಶಕ್ತಿ ಎಂದು ಇಟ್ಟುಕೊಳ್ಳೋಣ. ಒಂದಿಷ್ಟು ಕಾಲದಿಂದ ತುಳಿಯುತ್ತಿರುವ ಹವ್ಯಾಸಿಗೆ ಇದು ಎಟುಕುವ ಶಕ್ತಿ. ಹಲ್ಲುಹಲ್ಲಿನ ಟಯರಿನ ಹೈಬ್ರಿಡ್ ಮೇಲೆ ನೆಟ್ಟಗೆ ಕೂತು ತುಳಿದರೆ ಸುಮಾರು 41 ನಿಮಿಷ ಬೇಕು. ರೋಡ್ ಬೈಕಿನ ಹುಡ್ (ಬ್ರೇಕಿನ ಮೇಲಿನ ಹಿಡಿ) ಹಿಡಿದು ತುಳಿದರೆ 37 ನಿಮಿಷಕ್ಕೆ ಸ್ವಲ್ಪ ಕಡಿಮೆ. ಅದೇ ಬೈಕಿನಲ್ಲಿ ಡ್ರಾಪ್‌ಗೆ (ಹ್ಯಾಂಡಲ್ಲಿನ ಬಾಗಿದ ಕೆಳಭಾಗ) ಕೈ ಇಳಿಸಿ, ಮೊಣಕೈ ಬಾಗಿಸಿ, ತಲೆ ತಗ್ಗಿಸಿದರೆ 35. ಏರೋ ಬಾರ್ ಹಾಕಿ ಸರಿಯಾದ ಭಂಗಿ ಹಿಡಿದರೆ ಮೂವತ್ತಮೂರೂವರೆಯ ಆಸುಪಾಸು. ಮೈಗೆ ಹೊಂದಿಸಿದ ಟಿಟಿ ಬೈಕಿನಲ್ಲಿ 32.

ಈ ಅಂಕಿಗಳು ದಿಕ್ಕು ತೋರಿಸುವುದಕ್ಕೆ ಮಾತ್ರ. ಒಬ್ಬೊಬ್ಬರ ಮೈಕಟ್ಟಿಗೆ ತಕ್ಕಂತೆ ಹಿಂದುಮುಂದಾಗುತ್ತವೆ. ಆದರೂ ಅವುಗಳ ನಡುವಿನ ಅಂತರ ಗಮನಿಸತಕ್ಕದ್ದು. ಹುಡ್‌ನಿಂದ ಡ್ರಾಪ್‌ಗೆ ಕೈ ಇಳಿಸಿದರೆ ಸಿಗುವ ಲಾಭ, ರೋಡ್ ಬೈಕಿನ ಏರೋ ಬಾರ್‌ನಿಂದ ಟಿಟಿ ಬೈಕಿಗೆ ಏರಿದರೆ ಸಿಗುವ ಲಾಭಕ್ಕಿಂತ ಕಡಿಮೆಯೇನಲ್ಲ. ಮೊದಲನೆಯದಕ್ಕೆ ಹಣ ಬೇಡ, ಸೊಂಟ ಮತ್ತು ಕುತ್ತಿಗೆಯನ್ನು ಪಳಗಿಸಿದರೆ ಸಾಕು. ಎರಡನೆಯದಕ್ಕೆ ಲಕ್ಷಗಳು ಬೇಕು. ಇಲ್ಲೊಂದು ಉಪಮಾತು: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಅಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತಿರಹತ್ತಿರ ಶೇ. 10ರಷ್ಟು ತೆಳು. ಕರಾವಳಿಯ ಗೆಳೆಯರ ಸಮಯದೊಂದಿಗೆ ನಿಮ್ಮದನ್ನು ಹೋಲಿಸಿ ಹಿಗ್ಗುವುದು ನ್ಯಾಯವಲ್ಲ.

ಮನೆಯಲ್ಲಿರುವ ಹೈಬ್ರಿಡ್

ಈ ಆಟ ತನಗೆ ಹಿಡಿಸುತ್ತದೆಯೇ ಎಂದು ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆಯಿಲ್ಲ. ಹಲ್ಲಿನ ಟಯರುಗಳನ್ನು ತೆಗೆಸಿ 28ರಿಂದ 32 ಮಿ.ಮೀ. ಅಗಲದ ನುಣುಪು ಟಯರು ಹಾಕಿಸಬೇಕು. ಅದಕ್ಕೂ ಮೊದಲು ಆ ರಿಮ್ಮಿಗೆ ಅಷ್ಟು ಸಣ್ಣ ಟಯರು ಕೂರುತ್ತದೆಯೇ ಎಂದು ಮೆಕ್ಯಾನಿಕ್ಕನ್ನು ಕೇಳಬೇಕು. ಮುಂದಿನ ಸಸ್ಪೆನ್ಷನ್‌ಗೆ ಲಾಕ್ ಇದ್ದರೆ ಹಾಕಬೇಕು. ಹ್ಯಾಂಡಲ್ಲನ್ನು ಹಿಡಿದಿರುವ ಸ್ಟೆಮ್‌ನ ಕೆಳಗಿನ ಉಂಗುರಗಳನ್ನು ಮೇಲಕ್ಕೆ ವರ್ಗಾಯಿಸಿದರೆ ಹ್ಯಾಂಡಲ್ ಎರಡು ಮೂರು ಸೆಂಟಿಮೀಟರ್ ತಗ್ಗುತ್ತದೆ. ಒಟ್ಟು ಖರ್ಚು ಕೆಲವು ಸಾವಿರ ರೂಪಾಯಿ. ಚಪ್ಪಟೆ ಹ್ಯಾಂಡಲ್‌ಗೆ ಏರೋ ಬಾರ್ ಬಿಗಿಸುವ ಆಸೆ ಮಾತ್ರ ಬೇಡ. ಹೈಬ್ರಿಡ್‌ನ ಚೌಕಟ್ಟನ್ನು ಆ ಭಂಗಿಗಾಗಿ ಮಾಡಿರುವುದಿಲ್ಲ. ಮೈ ಅತಿಯಾಗಿ ಮುಂದಕ್ಕೆ ಚಾಚಿಕೊಂಡು ಬೆನ್ನು ನೋಯುತ್ತದೆ, ಬ್ರೇಕು ಕೈಗೆಟುಕುವುದಿಲ್ಲ.

ರೋಡ್ ಬೈಕ್, ಇದ್ದ ಹಾಗೆಯೇ

ಹೊಸದಾಗಿ ಕೊಳ್ಳುವುದಾದರೆ ಅಲ್ಯೂಮಿನಿಯಂ ಚೌಕಟ್ಟಿನ ಆರಂಭಿಕ ದರ್ಜೆಯ ರೋಡ್ ಬೈಕ್ ಸುಮಾರು 30,000ದಿಂದ 70,000 ರೂಪಾಯಿಯೊಳಗೆ ಸಿಗುತ್ತದೆ. ಮೇಲಿನ ಐದೂ ಅಳತೆಗೋಲುಗಳಲ್ಲಿ ಎಲ್ಲಿಯೂ ಕೆಳಗೆ ಬೀಳದ ಆಯ್ಕೆ ಇದೊಂದೇ. ಬ್ರೇಕು ಸದಾ ಬೆರಳ ತುದಿಯಲ್ಲಿರುತ್ತದೆ, ಹಂಪು ಬಂದರೆ ಸೀಟಿನಿಂದ ಎದ್ದು ದಾಟಬಹುದು, ರೇಸ್ ಮುಗಿದ ಮೇಲೆ ಊರೂರು ಸುತ್ತಬಹುದು, ಮುಂದೆ ಗುಂಪಿನ ರೇಸಿಗೂ ಒಯ್ಯಬಹುದು.

ಇಂಥ ಬೈಕಿನಲ್ಲಿ ಹೋಗುವವರು ಹಣವನ್ನು ಮೊದಲು ಹಾಕಬೇಕಾದದ್ದು ಟಯರಿಗೆ. ಅಗ್ಗದ ಬೈಕುಗಳ ಜೊತೆ ಬರುವ ಗಟ್ಟಿ ಟಯರು ಸುಲಭಕ್ಕೆ ಸವೆಯುವುದಿಲ್ಲ, ಆದರೆ ಸುಲಭಕ್ಕೆ ಉರುಳುವುದೂ ಇಲ್ಲ. ಉತ್ತಮ ರೇಸಿಂಗ್ ಟಯರಿನ ಒಂದು ಜೊತೆ ಹಾಕಿಸಿದರೆ 20 ಕಿ.ಮೀ.ಗೆ ಅರ್ಧ ನಿಮಿಷದಿಂದ ಮುಕ್ಕಾಲು ನಿಮಿಷದವರೆಗೆ ಉಳಿಯಬಹುದೆಂದು ಮೇಲಿನ ಲೆಕ್ಕವೇ ತೋರಿಸುತ್ತದೆ. ಗಾಳಿಯನ್ನು ಕಲ್ಲಿನಂತೆ ತುಂಬಿಸುವ ಹಳೆಯ ಅಭ್ಯಾಸ ನಮ್ಮ ಜಲ್ಲಿ ಎದ್ದ ಡಾಂಬರಿನ ಮೇಲೆ ಫಲ ಕೊಡುವುದಿಲ್ಲ. ಚಕ್ರ ಪುಟಿದಷ್ಟೂ ಶಕ್ತಿ ಪೋಲಾಗುತ್ತದೆ. ಎರಡನೆಯ ಖರ್ಚು ಬಟ್ಟೆಗೆ. ಪಟಪಟನೆ ಬಡಿದುಕೊಳ್ಳುವ ಸಡಿಲ ಟೀ ಶರ್ಟನ್ನು ಬಿಟ್ಟು ಮೈಗೆ ಅಂಟುವ ಜರ್ಸಿ ತೊಡಬೇಕು. ಇದಕ್ಕೆ ಒಂದೆರಡು ಸಾವಿರ ಸಾಕು, ಮತ್ತು ರೂಪಾಯಿಗೆ ಇಷ್ಟು ಸೆಕೆಂಡು ಎಂದು ಲೆಕ್ಕ ಹಾಕಿದರೆ ದುಬಾರಿ ಚಕ್ರಗಳು ಇದರ ಹತ್ತಿರಕ್ಕೂ ಬರುವುದಿಲ್ಲ.

ರೋಡ್ ಬೈಕಿಗೆ ಏರೋ ಬಾರ್

1989ರ ಟೂರ್ ದೆ ಫ್ರಾನ್ಸ್‌ನ ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್ ಇತ್ತು. 50 ಸೆಕೆಂಡು ಹಿಂದಿದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಏರೋ ಬಾರ್ ಹಿಡಿದು ಬಂದರು, ಮುಂದಿದ್ದ ಫ್ರಾನ್ಸಿನ ಲೊರಾಂ ಫಿನ್ಯೊಂ ಅಂಥ ಬಾರ್ ಇಲ್ಲದೆ, ಬರಿತಲೆಯಲ್ಲಿ ಜುಟ್ಟು ಹಾರಿಸಿಕೊಂಡು ಬಂದರು. ಲೆಮಾಂಡ್ ಆ ದಿನ 58 ಸೆಕೆಂಡು ಗಳಿಸಿ ಇಡೀ ಟೂರನ್ನು 8 ಸೆಕೆಂಡಿನಿಂದ ಗೆದ್ದರು. ಏರೋ ಬಾರ್ ಕುರಿತ ಚರ್ಚೆ ಅಲ್ಲಿಗೆ ಮುಗಿಯಿತೆನ್ನಬಹುದು. ನಮ್ಮ ಪ್ರಶ್ನೆ ಮಾತ್ರ ಬೇರೆ: ಅದರ ಮೇಲೆ ಮಲಗಿದಂತೆ ಬಾಗಿ, ನಿಮ್ಮ ಪೂರ್ತಿ ಶಕ್ತಿಯನ್ನು ಅರ್ಧ ಗಂಟೆಗೂ ಹೆಚ್ಚು ಕಾಲ ತುಳಿತಕ್ಕೆ ಇಳಿಸಲು ನಿಮಗೆ ಬರುತ್ತದೆಯೇ?

ಬಾರ್‌ನ ಬೆಲೆ ಎರಡು ಮೂರು ಸಾವಿರದಿಂದ ಶುರುವಾಗಿ ಹತ್ತು ಸಾವಿರವನ್ನು ದಾಟುತ್ತದೆ. ಕೊಳ್ಳುವ ಮುನ್ನ ಹ್ಯಾಂಡಲ್ಲಿನ ನಡುಭಾಗವನ್ನು ಕೈಯಿಂದ ಸವರಿ ನೋಡಬೇಕು. ಸ್ಟೆಮ್ಮಿನ ಎರಡೂ ಬದಿಗೆ ನಾಲ್ಕಾರು ಬೆರಳಿನಷ್ಟು ಜಾಗ ಗುಂಡಗೆ, 31.8 ಮಿ.ಮೀ. ದಪ್ಪದಲ್ಲಿದ್ದರೆ ಕ್ಲ್ಯಾಂಪು ಸರಿಯಾಗಿ ಕೂರುತ್ತದೆ. ಸ್ಟೆಮ್ ಪಕ್ಕದಲ್ಲೇ ಕೊಳವೆ ತೆಳ್ಳಗಾಗುತ್ತಿದ್ದರೆ, ಇಲ್ಲವೇ ಚಪ್ಪಟೆಯಾಗಿದ್ದರೆ, ಎಷ್ಟು ಬಿಗಿಸಿದರೂ ರಸ್ತೆಯ ಗುಂಡಿಯ ಮೇಲೆ ಜಗ್ಗಿದಾಗ ಬಾರ್ ಕೆಳಕ್ಕೆ ತಿರುಗಿಬಿಡುತ್ತದೆ. ಕಾರ್ಬನ್ ಹ್ಯಾಂಡಲ್ ಆಗಿದ್ದರೆ ತಯಾರಕರು ಕ್ಲ್ಯಾಂಪ್ ಹಾಕಲು ಒಪ್ಪಿದ್ದಾರೆಯೇ ಎಂದು ಕೈಪಿಡಿಯಲ್ಲಿ ನೋಡದೆ ಬಿಗಿಸಬಾರದು. ಬಾರ್ ಕೂರಿಸಿದ ಮೇಲೆ ಸೀಟನ್ನು ಒಂದೆರಡು ಸೆಂಟಿಮೀಟರ್ ಮುಂದಕ್ಕೆ ತರಬೇಕಾಗುತ್ತದೆ. ಇಲ್ಲದಿದ್ದರೆ ಪ್ರತಿ ಸುತ್ತಿಗೂ ಮಂಡಿ ಎದೆಯತ್ತ ಒತ್ತಿ, ಉಸಿರು ಪೂರ್ತಿ ಎಳೆಯಲಾಗುವುದಿಲ್ಲ.

ಇದರ ನಿಜವಾದ ಬೆಲೆ ವಾರಗಳಲ್ಲಿದೆ. ರೋಡ್ ಬೈಕಿನಲ್ಲಿ ಗೇರು ಮತ್ತು ಬ್ರೇಕು ಎರಡೂ ಹುಡ್‌ನಲ್ಲೇ ಇರುವುದರಿಂದ, ಗೇರು ಬದಲಿಸಬೇಕೆಂದಾಗಲೆಲ್ಲ ಒಂದು ಕೈಯನ್ನು ಏರೋ ಬಾರ್‌ನಿಂದ ತೆಗೆದು ಪಕ್ಕಕ್ಕೆ ಚಾಚಬೇಕು. ಆಗ ದೇಹದ ಭಾರವೆಲ್ಲ ಉಳಿದ ಮೊಣಕೈ ಮೇಲೆ ಬೀಳುತ್ತದೆ, ಮುಂದಿನ ಚಕ್ರ ಒಂದು ಗೇಣು ಆ ಕಡೆ ಈ ಕಡೆ ತೊನೆಯುತ್ತದೆ. ಖಾಲಿ ರಸ್ತೆಯಲ್ಲಿ ಇದು ಏನೂ ಅಲ್ಲ, ಪಕ್ಕದಲ್ಲಿ ಲಾರಿ ಸಾಗುತ್ತಿದ್ದರೆ ಅಪಾಯ. ಹತ್ತಾರು ಸವಾರಿಗಳಾದ ಮೇಲೆ ಆ ತೊನೆತ ತಾನಾಗಿ ನಿಲ್ಲುತ್ತದೆ. ಕುತ್ತಿಗೆ ಮತ್ತು ಭುಜ ಪಳಗಲೂ ಅಷ್ಟೇ ಕಾಲ ಬೇಕು. ನಮ್ಮಲ್ಲಿನ ಬಹಳಷ್ಟು ಟೈಮ್ ಟ್ರಯಲ್‌ಗಳು ಅರ್ಧ ದೂರ ಹೋಗಿ, ಕೋನ್ ಸುತ್ತಿ, ಅದೇ ದಾರಿಯಲ್ಲಿ ಮರಳುವ ಬಗೆಯವು. ಕೋನ್‌ಗೆ ಮೊದಲೇ ಬಾರ್ ಬಿಟ್ಟು ಬ್ರೇಕಿಗೆ ಕೈ ತಂದು, ತಿರುವಿಗೆ ಮುನ್ನ ಗೇರು ಹಗುರ ಮಾಡಿಕೊಂಡು, ತಿರುಗಿದೊಡನೆ ಎದ್ದು ತುಳಿಯುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು. ಗೇರು ಇಳಿಸದೆ ತಿರುಗಿದವರು ಹೊರಡುವಾಗ ತಡಕಾಡಿ ಹತ್ತು ಸೆಕೆಂಡು ಸುಮ್ಮನೆ ಕಳೆಯುತ್ತಾರೆ.

ನನ್ನ ತೀರ್ಮಾನ ಇಷ್ಟು: ರೇಸಿಗೆ ಆರು ವಾರ ಅಥವಾ ಹೆಚ್ಚು ಸಮಯವಿದ್ದು, ಅಭ್ಯಾಸಕ್ಕೆ ವಾಹನ ವಿರಳವಾದ ರಸ್ತೆ ಹತ್ತಿರದಲ್ಲಿದ್ದರೆ ಏರೋ ಬಾರ್‌ನಷ್ಟು ಲಾಭದ ಖರ್ಚು ಇನ್ನೊಂದಿಲ್ಲ. ಎರಡೇ ವಾರ ಉಳಿದಿದ್ದರೆ ಅದನ್ನು ಮುಂದಿನ ರೇಸಿಗೆ ಇಟ್ಟುಕೊಂಡು ಡ್ರಾಪ್‌ನಲ್ಲೇ ತುಳಿಯುವುದು ಮೇಲು. ಒಗ್ಗದ ಭಂಗಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎದ್ದು ಕುತ್ತಿಗೆ ಸಡಿಲಿಸುವವರಿಗಿಂತ, ಒಗ್ಗಿದ ಭಂಗಿಯಲ್ಲಿ ಕದಲದೆ ಕೂರುವವರೇ ಬೇಗ ತಲುಪುತ್ತಾರೆ.

ಟಿಟಿ ಬೈಕ್

ಹೊಸದಕ್ಕೆ ಲಕ್ಷಗಳ ಮಾತು. ಗೇರು ಏರೋ ಬಾರ್‌ನ ತುದಿಯಲ್ಲೇ ಇರುತ್ತದೆ, ಸೀಟಿನ ಕೊಳವೆ ನೇರವಾಗಿದ್ದು ಸೊಂಟ ಮುಂದಕ್ಕೆ ಬರುತ್ತದೆ, ಆದ್ದರಿಂದ ಬಾಗಿದರೂ ಉಸಿರಾಟ ಸಲೀಸು. ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ) ಮಾಡುವ ಯೋಚನೆ ಇದ್ದರೆ ಇದಕ್ಕೆ ಅರ್ಥವಿದೆ. ಆದರೆ ಬ್ರೇಕು ಇರುವುದು ಹೊರಗಿನ ಕೊಂಬುಗಳಲ್ಲಿ. ನಗರದ ರಸ್ತೆಯಲ್ಲಿ ಇದನ್ನು ತುಳಿಯುವುದು ಸುಖವೂ ಅಲ್ಲ, ಸುರಕ್ಷಿತವೂ ಅಲ್ಲ, ಗುಂಪಿನ ರೇಸಿಗೆ ಇದನ್ನು ಬಿಡುವುದೂ ಇಲ್ಲ. ಜೊತೆಗೆ ಬರುವ ಎತ್ತರದ ರಿಮ್ಮಿನ ಚಕ್ರಗಳು ಅಡ್ಡಗಾಳಿಗೆ ಹಾಯಿಯಂತೆ ಸಿಕ್ಕಿಕೊಳ್ಳುತ್ತವೆ. ಮುಂಗಾರಿನ ಗಾಳಿ ಬೀಸುವ ತಿಂಗಳುಗಳಲ್ಲಿ, ಗಾಳಿಯಂತ್ರಗಳು ತಿರುಗುವ ಚಿತ್ರದುರ್ಗದಂಥ ಬಯಲು ಸೀಮೆಯಲ್ಲಿ, ಹಗುರ ಮೈಯವರಿಗೆ ಇದು ಸಣ್ಣ ಮಾತಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸೈಕ್ಲಿಂಗ್ ಕ್ರೀಡಾ ನಿಲಯಗಳಲ್ಲಿ ಮಕ್ಕಳನ್ನು ಬೆಳೆಸುವಾಗಲೂ ಮೊದಲು ಬರುವುದು ತುಳಿತದ ತಳಪಾಯ, ವಿಶೇಷ ಸೈಕಲ್ಲಲ್ಲ.

ಬೆಟ್ಟದ ಟೈಮ್ ಟ್ರಯಲ್ ಆದರೆ ಈವರೆಗಿನ ಕ್ರಮವೇ ತಲೆಕೆಳಗಾಗುತ್ತದೆ. ನಂದಿ ಬೆಟ್ಟದ ಸುಮಾರು 8 ಕಿ.ಮೀ. ಏರಿನಂಥ ಕಡೆ ವೇಗ ಕಡಿಮೆಯಾದ್ದರಿಂದ ಗಾಳಿಯ ಪಾಲು ಕುಗ್ಗಿ ತೂಕದ ಪಾಲು ಹಿಗ್ಗುತ್ತದೆ. ಅಲ್ಲಿ ಏರೋ ಬಾರ್ ತೆಗೆದಿಟ್ಟು, ಎರಡನೆಯ ನೀರಿನ ಬಾಟಲಿ ಕೆಳಗೆ ಬಿಟ್ಟು, ಹಿಂದಿನ ಗೇರಿನಲ್ಲಿ 30 ಅಥವಾ 32 ಹಲ್ಲಿನ ಚಕ್ರ ಇದೆಯೇ ಎಂದು ನೋಡಿಕೊಂಡರೆ ಸಾಕು.

ತಯಾರಿಯ ದಾರಿ ಮತ್ತು ಶ್ರಮದ ಅಳತೆ

ಭಾನುವಾರದ ಗುಂಪು ಸವಾರಿ ಉತ್ಸಾಹ ಕೊಡುತ್ತದೆ, ಆದರೆ ಗುಂಪಿನ ಮರೆಯಲ್ಲಿ ಸಾಗುವುದಕ್ಕೂ ಒಬ್ಬರೇ ಗಾಳಿ ಸೀಳುವುದಕ್ಕೂ ಹೋಲಿಕೆಯಿಲ್ಲ. ಸೈಕಲ್ಲನ್ನು ನಿಂತಲ್ಲೇ ತುಳಿಯಲು ಮನೆಯೊಳಗಿಡುವ ಟ್ರೈನರ್ ಸಮಯ ಉಳಿಸುತ್ತದೆ. ಬೆಳಗಿನ ಆರು ಗಂಟೆಗೇ ಆಫೀಸಿನ ಬಸ್ಸು ಹಿಡಿಯುವವರಿಗೆ ಅದೇ ಗತಿ. ಎದುರಿಗೆ ದೊಡ್ಡ ಫ್ಯಾನ್ ಇಲ್ಲದಿದ್ದರೆ ಬೆವರಿಗೇ ಸೋಲಬೇಕಾಗುತ್ತದೆ, ತಿರುವು ಮತ್ತು ಹಿಡಿತದ ಪಾಠವೂ ಅಲ್ಲಿ ಸಿಗುವುದಿಲ್ಲ. ಹೊರಗೆ ಒಂಟಿಯಾಗಿ ಮಾಡುವ ಅಭ್ಯಾಸವೇ ರೇಸಿಗೆ ಅತಿ ಹತ್ತಿರವಾದುದು. ವಾರಕ್ಕೆ ಮೂರು ಸವಾರಿ ಸಾಧ್ಯವಿರುವವರು ಒಂದರಲ್ಲಿ ಹತ್ತು ಹತ್ತು ನಿಮಿಷದ ಮೂರು ಜೋರು ತುಳಿತಗಳನ್ನು ನಡುವೆ ವಿರಾಮ ಕೊಟ್ಟು ಮಾಡಬಹುದು, ವಾರ ಕಳೆದಂತೆ ಅದನ್ನು ಹದಿನೈದು ಹದಿನೈದರ ಎರಡಕ್ಕೆ ಏರಿಸಬಹುದು. ಇನ್ನೊಂದನ್ನು ಎರಡು ಗಂಟೆಗೂ ಮೀರಿದ ನಿರಾಳ ಸವಾರಿಗೆ, ಮೂರನೆಯದನ್ನು ರೇಸಿನ ಭಂಗಿ ಮತ್ತು ತಿರುವಿಗೆ ಮೀಸಲಿಡಬಹುದು. ಕೊನೆಯ ವಾರ ದೂರವನ್ನು ಅರ್ಧಕ್ಕೆ ಇಳಿಸಬೇಕು.

ಶ್ರಮ ಅಳೆಯಲು, ತುಳಿತದ ಶಕ್ತಿಯನ್ನು ವ್ಯಾಟ್‌ನಲ್ಲಿ ತೋರಿಸುವ ಪವರ್ ಮೀಟರ್ ಬೇಕೇ ಎಂಬ ಪ್ರಶ್ನೆಯೂ ಜತೆಗೇ ಬರುತ್ತದೆ. ಒಂದೇ ಕಾಲಿನ ಶಕ್ತಿಯನ್ನು ಅಳೆಯುವ ಪವರ್ ಮೀಟರಿಗೂ ಹತ್ತಾರು ಸಾವಿರ ಬೇಕು. ಎದೆಪಟ್ಟಿಯ ಹೃದಯಬಡಿತ ಮಾಪಕ ಕೆಲವೇ ಸಾವಿರಕ್ಕೆ ಸಿಗುತ್ತದೆ. ಎದೆಪಟ್ಟಿಯ ಕುಂದು ಏನೆಂದರೆ ಬಡಿತ ಏರಲು ಒಂದೆರಡು ನಿಮಿಷ ಹಿಡಿಯುತ್ತದೆ, ಹೊಸಬರು ದಾರಿ ತಪ್ಪುವುದು ಅದೇ ಎರಡು ನಿಮಿಷದಲ್ಲಿ. ಹೊರಟ ಹುರುಪಿನಲ್ಲಿ ಕಾಲು ಹಗುರವೆನಿಸಿ ಮೈಯೆಲ್ಲ ಶಕ್ತಿ ಸುರಿದುಬಿಡುತ್ತಾರೆ, ಆಮೇಲೆ ಹದಿನೈದು ನಿಮಿಷ ಅದರ ಬಡ್ಡಿ ಕಟ್ಟುತ್ತಾರೆ. ಮೊದಲ ಮೂರು ನಿಮಿಷ ಎರಡು ಮೂರು ಪದಗಳ ಮಾತನ್ನಾದರೂ ಆಡಬಲ್ಲಷ್ಟು ತಡೆದು ತುಳಿದರೆ, ಅಂದರೆ ಇನ್ನೂ ಜೋರಾಗಿ ಹೋಗಬಲ್ಲೆ ಎಂಬ ಭಾವವಿದ್ದಾಗಲೂ ಹೋಗದೆ ಉಳಿದರೆ, ಯಾವ ಯಂತ್ರವೂ ಇಲ್ಲದೆ ಕೆಲಸ ನಡೆಯುತ್ತದೆ. ಎದುರುಗಾಳಿಯಲ್ಲಿ ಸ್ವಲ್ಪ ಹೆಚ್ಚು, ಬೆನ್ನುಗಾಳಿಯಲ್ಲಿ ಸ್ವಲ್ಪ ಕಡಿಮೆ ಶ್ರಮ ಹಾಕುವುದು ಲಾಭಕರ, ಏಕೆಂದರೆ ನಿಧಾನವಾಗಿ ಸಾಗುವ ಭಾಗದಲ್ಲೇ ನೀವು ಹೆಚ್ಚು ಹೊತ್ತು ಇರುತ್ತೀರಿ.

ಜೇಬು ಮತ್ತು ಕ್ಯಾಲೆಂಡರ್

ಐದು ಸಾವಿರದೊಳಗೆ ಮುಗಿಸಬೇಕೆನ್ನುವವರು ಇರುವ ಸೈಕಲ್ಲನ್ನು ಸರ್ವಿಸ್ ಮಾಡಿಸಿ, ಚೈನು ಸ್ವಚ್ಛಗೊಳಿಸಿ, ಟಯರು ಬದಲಿಸಿ, ಬಿಗಿ ಜರ್ಸಿ ತೊಟ್ಟು ಹೋಗಲಿ. ಈಗಾಗಲೇ ರೋಡ್ ಬೈಕ್ ಇದ್ದು ಹದಿನೈದು ಸಾವಿರದವರೆಗೆ ಹಾಕಬಲ್ಲವರು ಮೊದಲು ಟಯರು, ಆಮೇಲೆ ಸಮಯವಿದ್ದರೆ ಏರೋ ಬಾರ್ ಮತ್ತು ಬೈಕನ್ನು ಮೈಗೆ ಹೊಂದಿಸುವ ಫಿಟ್ಟಿಂಗ್ ಮಾಡಿಸಲಿ. ಏರೋ ಹೆಲ್ಮೆಟ್ ಆಮೇಲಿನ ಮಾತು. ರೋಡ್ ಬೈಕೇ ಇಲ್ಲದವರು ರೇಸಿಗಾಗಿ ಅವಸರದಿಂದ ಕೊಳ್ಳುವುದಕ್ಕಿಂತ ಹೈಬ್ರಿಡ್ ವಿಭಾಗದಲ್ಲಿ ಒಮ್ಮೆ ತುಳಿದು, ಅನಂತರ ನಿಧಾನವಾಗಿ ಅಳತೆ ನೋಡಿ ಕೊಳ್ಳಲಿ.

ಹಳೆಯ ಟಿಟಿ ಬೈಕ್ ಅಗ್ಗಕ್ಕೆ ಸಿಗುತ್ತಿದೆ ಎಂದು ಮನಸ್ಸು ಓಡುತ್ತಿದ್ದರೆ, ಮುಂಗಡ ಕೊಡುವ ಮೊದಲು ಅದರ ಮೇಲೆ ಕೂತು ಏರೋ ಬಾರ್ ಹಿಡಿದು ಕಾಲು ಗಂಟೆ ತುಳಿದು ನೋಡಬೇಕು. ಹ್ಯಾಂಡಲ್ ಮತ್ತು ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವೆ) ಸೇರುವ ಜಾಗದಲ್ಲಿ ಬಿರುಕಿದೆಯೇ ಎಂದು ಬೆಳಕಿನಲ್ಲಿ ಪರೀಕ್ಷಿಸಬೇಕು, ಒಳಗೆ ಹಾದುಹೋಗುವ ಗೇರಿನ ಕೇಬಲ್ ಬದಲಿಸಬಲ್ಲ ಮೆಕ್ಯಾನಿಕ್ ನಿಮ್ಮ ಊರಿನಲ್ಲಿದ್ದಾರೆಯೇ ಎಂದು ವಿಚಾರಿಸಬೇಕು. ಅಳತೆ ಒಂದು ಸೈಜು ದೊಡ್ಡದಾಗಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟು ಬರಬೇಕು, ಏಕೆಂದರೆ ಟಿಟಿ ಬೈಕಿನ ಹ್ಯಾಂಡಲ್ಲನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಇರುವ ಅವಕಾಶ ಬಹಳ ಕಡಿಮೆ.